ಮಗು ಲಗೇಜಾದರೂ ಆಗಬಾರದಿತ್ತೆ?

ವಿಮಾನಯಾನದ ಲೋಕದಲ್ಲಿ ಎರಡು ವರ್ಷ ತುಂಬದ ಕೂಸಿಗೆ ವಿಶೇಷ ಸ್ಥಾನವಿದೆ. ಅಂದರೆ, ಸ್ಥಾನವೇ ಇಲ್ಲ. ಟಿಕೆಟ್ ಇದೆ, ಸೀಟಿಲ್ಲ. ಅಂತರರಾಷ್ಟ್ರೀಯ ವಿಮಾನಗಳಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಶೇ. 10ರಷ್ಟನ್ನು ಕೂಸಿನ ಹೆಸರಿನಲ್ಲಿ ವಸೂಲು ಮಾಡುತ್ತಾರೆ. ಆ ದುಡ್ಡಿಗೆ ಕೂಸಿಗೆ ಸಿಗುವುದು ಅಮ್ಮನ ಮಡಿಲು. ಹುಟ್ಟಿದ ದಿನದಿಂದ ಪುಕ್ಕಟೆ ಅನುಭವಿಸಿಕೊಂಡು ಬಂದ ಮಡಿಲಿಗೂ ಬಾಡಿಗೆ ಕಟ್ಟಬೇಕು ಅನ್ನುವುದು ಟಿಕೆಟ್ ಬುಕ್ ಮಾಡುವಾಗಲೇ ಗೊತ್ತಾಗುವುದು.

ಎರಡನೇ ಹುಟ್ಟುಹಬ್ಬಕ್ಕೆ ಈ ಭಾಗ್ಯವೂ ಮುಗಿಯಿತು. ನ್ಯೂಜೆರ್ಸಿಯಿಂದಲೋ ಡಲ್ಲಾಸ್‌ನಿಂದಲೋ ಮಕ್ಕಳನ್ನು ಕಟ್ಟಿಕೊಂಡು ಮೈಸೂರಿಗೆ ಬಂದ ಮಗಳು ಅಜ್ಜಿಮನೆಯಲ್ಲಿ ಪುಟ್ಟನಿಗೆ ಆರತಿ ಎತ್ತಿಸಿದಳೆನ್ನಿ. ಅವತ್ತು ಎಲ್ಲರಿಗಿಂತ ಹೆಚ್ಚು ಸಂಭ್ರಮಿಸುವುದು ವಿಮಾನ ಕಂಪನಿ. ಬರುವಾಗ ಹತ್ತು ಪರ್ಸೆಂಟಿನ ಕೂಸಾಗಿದ್ದವನು ಹೋಗುವಾಗ ಪೂರ್ತಿ ಸೀಟಿನ ಗಿರಾಕಿ. ಅದಕ್ಕೇ ತಿಳಿವಳಿಕೆ ಇರುವವರು ರಾಹುಕಾಲ ನೋಡದಿದ್ದರೂ ಜನನ ಪ್ರಮಾಣಪತ್ರ ನೋಡಿ ಹೊರಡುವ ದಿನ ನಿಶ್ಚಯಿಸುತ್ತಾರೆ. "ಇನ್ನೊಂದು ವಾರ ಇದ್ದು ಹೋಗಬಾರದೇನಮ್ಮ?" ಎಂದು ಮಾವನವರು ಕೇಳಿದರೆ ಸೊಸೆ, "ಇಲ್ಲ ಮಾವ, ಇವನಿಗೆ ಎರಡು ತುಂಬಿಬಿಡುತ್ತೆ" ಎನ್ನುತ್ತಾಳೆ. ಮಾವನವರಿಗೆ ಅದೇನು ದೋಷವೋ, ಶಾಂತಿ ಮಾಡಿಸಬೇಕೋ ಎಂಬ ಗಾಬರಿ.

ಆ ಮಡಿಲಿನ ವಿಚಾರಕ್ಕೇ ಬರೋಣ. ವಿಮಾನ ಮೇಲೇರುವ ಮುಂಚೆ ಗಗನಸಖಿ ಸಾಲುಸಾಲಿಗೂ ಕಣ್ಣು ಹಾಯಿಸುತ್ತಾ ಬರುತ್ತಾರೆ. ತೊಡೆಯ ಮೇಲೆ ಲ್ಯಾಪ್‌ಟಾಪ್ ಇರಕೂಡದು. ಕೈಚೀಲ ಮುಂದಿನ ಸೀಟಿನ ಕೆಳಗೆ ಹೋಗಬೇಕು. ಊಟದ ಟ್ರೇ ಮಡಚಿರಬೇಕು. ಹಿಂದಿನ ಅಡುಗೆಕೋಣೆಯ ಕಾಫಿ ಜಗ್ಗಿಗೂ ಕೊಕ್ಕೆ ಬಿಗಿದಿರುತ್ತಾರೆ. ಒಂದೂವರೆ ಕಿಲೋ ಲ್ಯಾಪ್‌ಟಾಪ್ ಹಾರಿ ಯಾರದಾದರೂ ಹಣೆ ಒಡೆದರೆ ಗತಿಯೇನು ಎಂಬ ಕಾಳಜಿ, ಒಳ್ಳೆಯದೇ. ಹಾಗಾದರೆ ಹನ್ನೊಂದು ಕಿಲೋ ಪುಟ್ಟ? ಅವನನ್ನು ಅಮ್ಮ ಕೈಯಲ್ಲಿ ಹಿಡಿದುಕೊಂಡರೆ ಸಾಕು. ಕಾಫಿ ಜಗ್ಗಿಗೆ ಅಮ್ಮ ಇಲ್ಲ ನೋಡಿ, ಅದಕ್ಕೆ ಕೊಕ್ಕೆ.

ಇದರಲ್ಲಿ ನಗುವಂಥದ್ದು ಎಲ್ಲಿಯವರೆಗೆ ಇದೆ ಅಂದರೆ, 1989ರ ಜುಲೈ 19ರವರೆಗೆ. ಅವತ್ತು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ ಸಂಸ್ಥೆಯ 232ನೇ ವಿಮಾನ ನೆಲಕ್ಕೆ ಬೀಳುವುದು ಖಚಿತವಾದಾಗ, ಮಡಿಲಲ್ಲಿ ಮಕ್ಕಳಿದ್ದ ಹೆತ್ತವರಿಗೆ ಸಿಬ್ಬಂದಿ ಹೇಳಿದ್ದು: ಮಗುವನ್ನು ಕಾಲ ಬಳಿ ನೆಲದ ಮೇಲೆ ಮಲಗಿಸಿ ಒತ್ತಿ ಹಿಡಿಯಿರಿ. ಆಗಿನ ಅಧಿಕೃತ ಸೂಚನೆಯೇ ಅದು. ಅಂಥ ನಾಲ್ಕು ಮಕ್ಕಳಲ್ಲಿ ಒಂದು ಉಳಿಯಲಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೂ ಪ್ರತ್ಯೇಕ ಸೀಟು, ಬೆಲ್ಟು ಕಡ್ಡಾಯ ಮಾಡಿ ಎಂದು ಅಲ್ಲಿನ ಅಪಘಾತ ತನಿಖಾ ಮಂಡಳಿ ಕೇಳಿತು. ವಿಮಾನಯಾನ ಇಲಾಖೆ ಬಹಳ ವರ್ಷ ಯೋಚನೆ ಮಾಡಿ 2005ರಲ್ಲಿ ಆಗುವುದಿಲ್ಲ ಎಂದಿತು. ಕಾರಣ? ಕೂಸಿಗೂ ಟಿಕೆಟ್ ಕೊಳ್ಳಿ ಅಂದರೆ ಅಪ್ಪ ಅಮ್ಮ ವಿಮಾನ ಬಿಟ್ಟು ಕಾರಿನಲ್ಲಿ ಹೋಗುತ್ತಾರೆ, ರಸ್ತೆಯಲ್ಲಿ ಸಾಯುವವರೇ ಹೆಚ್ಚು.

ಒಳನಾಡಿನ ಪ್ರಯಾಣಕ್ಕೆ ಈ ಲೆಕ್ಕ ಸರಿಯಿರಬಹುದು. ಆದರೆ ಸಮುದ್ರ ದಾಟುವ ಕೂಸಿಗೂ ಅದೇ ನಿಯಮ. ಬೆಂಗಳೂರಿನಿಂದ ನ್ಯೂಜೆರ್ಸಿಗೆ ಕಾರಿನಲ್ಲಿ ಹೋಗುವ ರಸ್ತೆಯನ್ನು ನಾನೂ ಯೋಚಿಸಿ ನೋಡಿದೆ. ನೆಲಮಂಗಲದಲ್ಲಿ ಟೋಲ್ ಕಟ್ಟಿ, ಹಾಸನ ದಾಟಿ, ಶಿರಾಡಿ ಘಾಟಿ ಅಷ್ಟರಲ್ಲಿ ಕುಸಿದಿರದಿದ್ದರೆ ಅದನ್ನೂ ಇಳಿದು, ಮಂಗಳೂರಿನಲ್ಲಿ ಸಮುದ್ರಕ್ಕೆ ತಿರುಗಿಸುವ ಮುಂಚೆ ಫಾಸ್ಟ್ಯಾಗ್‌ನಲ್ಲಿ ಬ್ಯಾಲೆನ್ಸ್ ನೋಡಿಕೊಳ್ಳಬೇಕು. ಉಳಿದಂತೆ ರಸ್ತೆ ನೇರವಾಗಿಯೇ ಇದೆ.

ಅಮ್ಮನ ಬೆಲ್ಟಿಗೆ ಪೋಣಿಸಿ ಕೂಸಿನ ಸೊಂಟಕ್ಕೆ ಹಾಕುವ ಪುಟ್ಟ ಬೆಲ್ಟೊಂದಿದೆ. ಮಡಿಲ ಕೂಸಿಗೆ ಯುರೋಪಿನ ವಿಮಾನಗಳಲ್ಲಿ ಅದು ಬೇಕೇ ಬೇಕು. ಅಮೆರಿಕದ ವಿಮಾನಗಳಲ್ಲಿ ಏರುವಾಗ, ಇಳಿಯುವಾಗ ಅದು ನಿಷಿದ್ಧ. ಹೀಗಾಗಿ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವ ಕೂಸು ಅಲ್ಲಿಯವರೆಗೆ ಬೆಲ್ಟಿಲ್ಲದಿದ್ದರೆ ಅಪಾಯ, ಅಲ್ಲಿಂದ ಮುಂದಕ್ಕೆ ಬೆಲ್ಟಿದ್ದರೆ ಅಪಾಯ. ಕೂಸು ಮಾತ್ರ ಅದೇ ಕೂಸು, ಹೆಚ್ಚೆಂದರೆ ಡೈಪರ್ ಬದಲಾಗಿರುತ್ತದೆ.

ಗೋಡೆಗೆ ಸಿಕ್ಕಿಸುವ ತೊಟ್ಟಿಲೂ ಉಂಟು. ಹತ್ತು ಹನ್ನೊಂದು ಕಿಲೋ ಮೀರಿದವರಿಗೆ ಅದರ ಯೋಗವಿಲ್ಲ. ಯೋಗ ಇದ್ದವರು ಮೂರು ಗಂಟೆ ತಟ್ಟಿ, ತೂಗಿ, ಜೋಗುಳವನ್ನೆಲ್ಲ ಮುಗಿಸಿ ಮಗುವನ್ನು ಅದರಲ್ಲಿ ಮಲಗಿಸಿದ ಮರುಕ್ಷಣವೇ ಸೀಟ್ ಬೆಲ್ಟಿನ ದೀಪ 'ಟಿಂಗ್' ಅನ್ನುತ್ತದೆ. ಮಗುವನ್ನು ಎತ್ತಿಕೊಳ್ಳಿ ಮೇಡಂ.

ಇನ್ನು ಸ್ವಂತ ಸೀಟು ಕೊಂಡ ಅಕ್ಕನ ಪಾಡು. ಅಪ್ಪನ ರಜೆ ಮುಗಿದು ಅವನು ಮೊದಲೇ ಹೋಗಿಯಾಗಿದೆ. ನಾಲ್ಕು ವರ್ಷದ ಪುಟ್ಟಿ, ಅಮ್ಮ, ಅಮ್ಮನ ಮಡಿಲಲ್ಲಿ ಪುಟ್ಟ, ಇಷ್ಟೇ ಜನ. ಕಂಪನಿಯ ಕಂಪ್ಯೂಟರ್ ಅಳೆದು ಸುರಿದು ಪುಟ್ಟಿಗೆ 34ಇ, ಅಮ್ಮನಿಗೆ 41ಬಿ ಕೊಡುತ್ತದೆ. ಪಕ್ಕಪಕ್ಕ ಬೇಕಾ? ಬೇಕಾದರೆ ದುಡ್ಡು ಕೊಡಿ. ಮಗುವನ್ನು ತಾಯಿಯಿಂದ ಬೇರೆ ಮಾಡಿ, ಇಷ್ಟು ಕೊಟ್ಟರೆ ಸೇರಿಸುತ್ತೇವೆ ಅನ್ನುವವರ ಮೇಲೆ ನೆಲದ ಮೇಲಾದರೆ ಪೊಲೀಸರು ಕೇಸು ಜಡಿಯುತ್ತಾರೆ. ಗಾಳಿಯಲ್ಲಿ ಅದರ ಹೆಸರು 'ಪ್ರಿಫರ್ಡ್ ಸೀಟ್'.

ಸರ್ಕಾರ ಸುಮ್ಮನೆ ಕೂತಿಲ್ಲ, ಪಾಪ. ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2024ರ ಏಪ್ರಿಲ್‌ನಲ್ಲಿ, 12 ವರ್ಷದವರೆಗಿನ ಮಕ್ಕಳಿಗೆ ಒಂದೇ ಪಿಎನ್ಆರ್‌ನಲ್ಲಿರುವ ಅಪ್ಪನದೋ ಅಮ್ಮನದೋ ಪಕ್ಕ ಸೀಟು ಕೊಡಲೇಬೇಕು ಎಂದು ವಿಮಾನ ಕಂಪನಿಗಳಿಗೆ ತಾಕೀತು ಮಾಡಿತು. ಜೊತೆಗೇ, ಬೇಕಾದ ಸೀಟು ಆರಿಸಿಕೊಳ್ಳುವವರಿಂದ ಪ್ರತ್ಯೇಕ ಶುಲ್ಕ ಪಡೆಯಬಹುದು ಎಂದೂ ಸುತ್ತೋಲೆಯಲ್ಲಿ ಬರೆಯಿತು. ಅಮೆರಿಕದ ಸಾರಿಗೆ ಇಲಾಖೆ ಅದೇ ವರ್ಷದ ಆಗಸ್ಟ್‌ನಲ್ಲಿ ಮಕ್ಕಳನ್ನು ಹೆತ್ತವರ ಪಕ್ಕ ಕೂರಿಸಲು ಪಡೆಯುವ ಶುಲ್ಕವನ್ನೇ ನಿಷೇಧಿಸುವ ಪ್ರಸ್ತಾವ ಮುಂದಿಟ್ಟಿತು. ದೇವರು ವರ ಕೊಡುತ್ತಲೇ ಇದ್ದಾನೆ, ಪೂಜಾರಿಯ ಕೌಂಟರ್‌ನಲ್ಲಿ ಮಾತ್ರ ಸರ್ವರ್ ಡೌನ್.

ಹಾಗಾಗಿ ವ್ಯವಹಾರ ವಿಮಾನದೊಳಗೇ ಇತ್ಯರ್ಥವಾಗಬೇಕು. 34ಎಫ್‌ನಲ್ಲಿ ಕಿವಿಗೆ ದಪ್ಪ ಹೆಡ್‌ಫೋನ್ ಏರಿಸಿ ಕೂತ ಸಜ್ಜನರೊಬ್ಬರು, "ಸಾರಿ ಮೇಡಂ, ನಾನು ಈ ಸೀಟಿಗೆ ದುಡ್ಡು ಕೊಟ್ಟಿದ್ದೇನೆ" ಎಂದರು.

"ಆಯ್ತು ಸರ್, ತೊಂದರೆ ಇಲ್ಲ. ಇವಳು ನಿಮ್ಮ ಪಕ್ಕದಲ್ಲೇ ಇರ್ತಾಳೆ. ಅರ್ಧ ಗಂಟೆಗೊಂದು ಸಲ ಸುಸ್ಸು ಬರುತ್ತಾ ಅಂತ ಕೇಳಿ. ಕೇಳಿದಾಗ ಇಲ್ಲ ಅಂತಾಳೆ, ಐದು ನಿಮಿಷ ಬಿಟ್ಟು ಅರ್ಜೆಂಟ್ ಅಂತಾಳೆ. ವಾಂತಿಗೆ ಕವರ್ ಈ ಪಾಕೆಟ್ಟಲ್ಲಿದೆ. ನಿದ್ದೆಗೆ ಮುಂಚೆ ಪುಣ್ಯಕೋಟಿ ಕಥೆ ಹೇಳಬೇಕು, ಹುಲಿ ಸಾಯಬಾರದು. ಸತ್ತರೆ ರಾತ್ರಿಯೆಲ್ಲ ಅಳ್ತಾಳೆ."

ಸಜ್ಜನರು ಹುಲಿ ಸಾಯುವ ಮುಂಚೆಯೇ 41ಬಿಗೆ ಹೋಗಿ ಕೂತಿದ್ದರು. ಡಿಜಿಸಿಎ ಕೈಯಲ್ಲಿ ಆಗದ್ದು ಪುಣ್ಯಕೋಟಿಯಿಂದ ಆಯಿತು.

ಮಡಿಲು, ಸೀಟಿನ ಮಾತು ಬಂದಾಗ ಹೀಗೆ ಅರ್ಧ ಮನುಷ್ಯನಾಗುವ ಮಗು, ಕಾಗದಪತ್ರದ ಮಾತು ಬಂದರೆ ಪೂರ್ತಿ ಪ್ರಜೆ. ಅಮೆರಿಕದಲ್ಲಿ ಹುಟ್ಟಿದ್ದಕ್ಕೆ ಅಲ್ಲಿಯ ಪಾಸ್‌ಪೋರ್ಟು, ಅಜ್ಜಿ ಮುಖ ನೋಡಲು ಇಲ್ಲಿಯ ಓಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡು. ಸಹಿ ಬಾರದ ಕೂಸಿನ ಹೆಬ್ಬೆಟ್ಟು ಬೇಕು. ಅದರಲ್ಲೂ ಗಂಡಾದರೆ ಎಡಗೈಯದು, ಹೆಣ್ಣಾದರೆ ಬಲಗೈಯದು. ಬಿಗಿಮುಷ್ಟಿ ಬಿಡಿಸಿ ಸರಿಯಾದ ಬೆರಳು ಹುಡುಕಿ ಶಾಯಿ ಹಚ್ಚುವಷ್ಟರಲ್ಲಿ ಅದು ಬಾಯಿಗೆ ಹೋಗಿರುತ್ತದೆ. ಫೋಟೋದಲ್ಲಿ ಹಿನ್ನೆಲೆ ಬಿಳಿ ಇರಬೇಕು, ದೃಷ್ಟಿ ನೇರ ಇರಬೇಕು, ಹಿಡಿದವರ ಕೈ ಕಾಣಬಾರದು. ಕತ್ತು ನಿಲ್ಲದ ಎರಡು ತಿಂಗಳ ಕೂಸಿಗೆ ಈ ಮೂರನ್ನೂ ಮಾಡಿಸಿ ಪಡೆದ ಪಾಸ್‌ಪೋರ್ಟಿಗೆ ಐದು ವರ್ಷ ಆಯಸ್ಸು. ನಾಲ್ಕು ವರ್ಷದ ಮೇಲೆ ಬೆಂಗಳೂರಿನ ಇಮಿಗ್ರೇಷನ್ ಅಧಿಕಾರಿ ಬೋಳುತಲೆಯ ಆ ಫೋಟೋ ನೋಡುತ್ತಾರೆ, ಎರಡು ಜಡೆಯ ಪುಟ್ಟಿಯನ್ನು ನೋಡುತ್ತಾರೆ. "ಇದು ಇವಳೇನಾ?" ಪುಟ್ಟಿ ಇಣುಕಿ ನೋಡಿ, "ಅಲ್ಲ, ಅದು ಪುಟ್ಟ" ಎನ್ನುತ್ತಾಳೆ.

ಅಮೆರಿಕ ಮುಟ್ಟಿದ ಮೇಲೆ ಸರ್‌ನೇಮಿನ ಪಂಚಾಯಿತಿ. ಅಮ್ಮನ ಸರ್‌ನೇಮ್ ಅವಳ ಅಪ್ಪನ ಹೆಸರು. ಮಕ್ಕಳ ಸರ್‌ನೇಮ್ ಅವರ ಅಪ್ಪನ ಹೆಸರು. ಅಪ್ಪನ ಸರ್‌ನೇಮ್ ಹೊಳೆನರಸೀಪುರ. ಅಧಿಕಾರಿ ಕಾಗದ ತಿರುಗಿಸಿ ಮುರುಗಿಸಿ ನೋಡಿ, ಈ ಮಕ್ಕಳು ನಿಮ್ಮವೇ ಅನ್ನುವುದಕ್ಕೆ ಏನು ಆಧಾರ ಎಂದು ಕೇಳುತ್ತಾರೆ. ಒಬ್ಬ ಅವಳ ಜುಟ್ಟು ಹಿಡಿದು ಎಳೆಯುತ್ತಿದ್ದಾನೆ, ಇನ್ನೊಬ್ಬಳು ನೆಲದ ಮೇಲೆ ಉದ್ದಕ್ಕೆ ಮಲಗಿದ್ದಾಳೆ. ಇದಕ್ಕಿಂತ ಬೇರೆ ಆಧಾರ ಬೇಕಂತೆ. ಗಂಡನಿಂದ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ತಂದವರು ಬಚಾವು.

ಹೊರಡುವ ಹಿಂದಿನ ರಾತ್ರಿಯ ಸೂಟ್‌ಕೇಸ್ ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. ಅಜ್ಜಿ ಇಟ್ಟಿದ್ದನ್ನು ಅಮ್ಮ ತೆಗೆಯುವುದು, ಅಮ್ಮ ತೆಗೆದದ್ದನ್ನು ಅಜ್ಜಿ ಸೀರೆ ಮಡಿಕೆಯೊಳಗೆ ಮತ್ತೆ ಇಡುವುದು. ತಿಪಟೂರಿನ ಕೊಬ್ಬರಿ ಮಾತ್ರ ಬೇಡವೇ ಬೇಡ. ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ ಯುಎನ್ 1363 ಎಂಬ ಅಂತರರಾಷ್ಟ್ರೀಯ ಸಂಖ್ಯೆಯೇ ಇದೆ. ತಾನಾಗಿ ಹೊತ್ತಿಕೊಳ್ಳಬಲ್ಲ ಪದಾರ್ಥವಂತೆ. ತಿಪಟೂರಿನ ಎಪಿಎಂಸಿ ಯಾರ್ಡಿನವರು ಇಷ್ಟು ವರ್ಷ ಯಾವ ಧೈರ್ಯದ ಮೇಲೆ ವ್ಯಾಪಾರ ನಡೆಸುತ್ತಿದ್ದಾರೋ! ದುಬೈ ಮೇಲೆ ಹೋಗುವವರು ಗಸಗಸೆಯನ್ನೂ ಮರೆಯಬೇಕು, ನಮ್ಮ ಪಾಯಸ ಅಲ್ಲಿ ಮಾದಕವಸ್ತು.

ಕೂಸಿನ ಊಟಕ್ಕೆ ವಿನಾಯಿತಿ ಇದೆ, ನಿಜ. 2006ರ ಆಗಸ್ಟ್‌ನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉಡಾಯಿಸುವ ಸಂಚು ಬಯಲಾದ ಮೇಲೆ ಕೈಚೀಲದ ದ್ರವ 100 ಮಿ.ಲೀ. ಮೀರಬಾರದೆಂಬ ನಿಯಮ ಬಂತು. ಮೊದಮೊದಲು ಅಲ್ಲಿ ಬಾಟಲಿಯ ಹಾಲನ್ನು ತಾಯಂದಿರು ಕುಡಿದು ತೋರಿಸಬೇಕಿತ್ತು. ಈಗ ಅಷ್ಟಿಲ್ಲ. ಆದರೆ ನಮ್ಮವರು ತರುವುದು ಹಾಲಲ್ಲ, ರಾಗಿ ಸರಿ. ಫ್ಲಾಸ್ಕಿನ ಮುಚ್ಚಳ ತೆಗೆದರೆ ಹಬೆ, ಒಳಗೆ ಬೂದುಗೆಂಪು ಬಣ್ಣದ, ಅಂಟಂಟಾದ, ಅಲ್ಲಾಡಿಸಿದರೆ 'ಗುಳಕ್' ಅನ್ನುವ ವಸ್ತು. ಫ್ರಾಂಕ್‌ಫರ್ಟ್‌ನ ಭದ್ರತಾ ಸಿಬ್ಬಂದಿ ಫ್ಲಾಸ್ಕಿನ ಅಂಚನ್ನು ಬಟ್ಟೆ ಚೂರಿನಲ್ಲಿ ಒರೆಸಿ, ಸ್ಫೋಟಕ ಹುಡುಕುವ ಯಂತ್ರಕ್ಕೆ ಕೊಟ್ಟು, ಉಸಿರು ಹಿಡಿದು ನಿಂತರು. ಯಂತ್ರ ಹಸಿರು ದೀಪ ತೋರಿತು. ಪುಟ್ಟ ಮಾತ್ರ ಒಂದು ಚಮಚವನ್ನೂ ಒಪ್ಪದೆ ಉಗಿದ.

ಇಷ್ಟೆಲ್ಲ ದಾಟಿ ಬಂದ ಕೂಸು ಕಿವಿ ನೋವಿಗೆ ಅತ್ತರೆ, ಅದು ಸಾರ್ವಜನಿಕ ಸಮಸ್ಯೆ. ಇಂಡಿಗೋ 2016ರಲ್ಲೇ 1ರಿಂದ 4 ಮತ್ತು 11ರಿಂದ 14ನೇ ಸಾಲುಗಳನ್ನು 12 ವರ್ಷದೊಳಗಿನವರಿಗೆ ನಿಷಿದ್ಧ ಮಾಡಿತು. ಜಪಾನ್ ಏರ್‌ಲೈನ್ಸ್ ಸೀಟು ಆರಿಸುವ ನಕ್ಷೆಯಲ್ಲಿ ಕೂಸು ಎಲ್ಲಿ ಕೂರುತ್ತದೆ ಎಂದು ಮಗುವಿನ ಮುಖದ ಚಿತ್ರ ಹಾಕಿ ಎಚ್ಚರಿಸುತ್ತದೆ. ಕೊರೆಂಡನ್ ಎಂಬ ಸಂಸ್ಥೆ 2023ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಕ್ಯುರಸಾವ್‌ಗೆ ಹೋಗುವ ವಿಮಾನದಲ್ಲಿ ದೊಡ್ಡವರಿಗಷ್ಟೇ ಎಂದು ಒಂದು ಭಾಗವನ್ನೇ ಬೇರೆ ಮಾಡಿತು, 45 ಯೂರೋ ಹೆಚ್ಚಿಗೆ. 2019ರಲ್ಲಿ ಸಿಯೋಲ್‌ನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಹೊರಟ ತಾಯಿಯೊಬ್ಬರಂತೂ ನಾಲ್ಕು ತಿಂಗಳ ಕೂಸಿನ ಪರವಾಗಿ ಮುಂಗಡ ಕ್ಷಮಾಪಣೆ ಬರೆದು, ಕ್ಯಾಂಡಿ, ಕಿವಿಗೆ ತುರುಕುವ ಪ್ಲಗ್ಗು ಸೇರಿಸಿ 200 ಪೊಟ್ಟಣ ಹಂಚಿದರು. ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು.

ಕುಡಿದು ಗಲಾಟೆ ಮಾಡುವ ದೊಡ್ಡವರು ಎಲ್ಲಿ ಕೂರುತ್ತಾರೆ ಅನ್ನುವುದಕ್ಕೆ ಯಾವ ನಕ್ಷೆಯಲ್ಲೂ ಚಿತ್ರವಿಲ್ಲ. 2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ದೆಹಲಿಗೆ ಬರುತ್ತಿದ್ದ ವಿಮಾನದ ಬಿಸಿನೆಸ್ ಕ್ಲಾಸ್‌ನಲ್ಲಿ ವಯಸ್ಸಾದ ಮಹಿಳೆಯ ಮೇಲೆ ಮೂತ್ರ ಮಾಡಿದ ಆರೋಪ ಬಂದದ್ದು ಎರಡು ವರ್ಷದೊಳಗಿನವರ ಮೇಲಲ್ಲ. ಅವರು ಡೈಪರ್ ಹಾಕಿಕೊಂಡೇ ಹತ್ತುತ್ತಾರೆ.

ಇದನ್ನೆಲ್ಲ ನೋಡಿ ನನಗನ್ನಿಸಿದ್ದು, ಮಗುವನ್ನು ಪ್ರಯಾಣಿಕ ಅನ್ನುವುದನ್ನೇ ಕೈಬಿಟ್ಟು ಲಗೇಜು ಎಂದು ಘೋಷಿಸುವುದು ಮೇಲು. ಲಗೇಜಿಗೆ ಮರ್ಯಾದೆ ಇದೆ. ಹಾರಿಹೋಗದಂತೆ ಭದ್ರವಾಗಿ ಇಡುತ್ತಾರೆ. ಬಾರ್‌ಕೋಡ್ ಅಂಟಿಸುತ್ತಾರೆ, ಎಲ್ಲಿದೆ ಎಂದು ಮೊಬೈಲಿನಲ್ಲಿ ತೋರಿಸುತ್ತಾರೆ. ಜೋಪಾನ ಎಂದು ಕೆಂಪು ಚೀಟಿ ಹಚ್ಚುತ್ತಾರೆ. ಅದರ ಸರ್‌ನೇಮ್ ಯಾರೂ ಕೇಳುವುದಿಲ್ಲ, ಹೆಬ್ಬೆಟ್ಟು ಒತ್ತಿಸುವುದಿಲ್ಲ. ಕಳೆದರೆ, ಹಾಳಾದರೆ, ತಡವಾದರೆ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪರಿಹಾರ. ಆ ಪರಿಹಾರದ ಮಿತಿಯನ್ನು 2024ರ ಡಿಸೆಂಬರ್ ಕೊನೆಗೆ, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣದಲ್ಲಿ, 1,519 ಎಸ್‌ಡಿಆರ್‌ಗೆ ಏರಿಸಿಯೂ ಇದ್ದಾರೆ. ಸೂಟ್‌ಕೇಸ್ ತನ್ನ ಒಡತಿಯಿಂದ ಏಳು ಸಾಲು ದೂರ ಕೂರಬೇಕಾಗಿ ಬಂದ ಉದಾಹರಣೆ ಇಲ್ಲ.

ಈ ಯೋಜನೆಯನ್ನು ಮೈಸೂರಿನ ಅಜ್ಜಿಯೊಬ್ಬರ ಮುಂದೆ ಇಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ಲೆಕ್ಕ ಹಾಕಿ ಕೇಳಿದರು: "ಒಂದು ಲಗೇಜಿಗೆ ಇಪ್ಪತ್ಮೂರು ಕಿಲೋ ಬಿಡ್ತಾರಲ್ಲ? ನಮ್ಮ ಪುಟ್ಟ ಹನ್ನೊಂದೇ ಕಿಲೋ. ಮಿಕ್ಕ ಹನ್ನೆರಡು ಕಿಲೋಗೆ ಹಪ್ಪಳ ಸಂಡಿಗೆ ತುಂಬಬಹುದೇನಪ್ಪ?"