ಮತಿಗೆಟ್ಟ ಗ್ರೀಸು

ನಮ್ಮ ಗೂಡ್ಸ್ ರಿಕ್ಷಾ ರಸ್ತೆ ಬಿಟ್ಟು ಆರು ವರ್ಷವಾಯಿತು. ಕಾಗದಪತ್ರಗಳ ಆಯುಷ್ಯವೆಲ್ಲ ಮುಗಿದಿರುವುದರಿಂದ ಅದಕ್ಕೆ ಡಾಂಬರಿನ ಮೇಲೆ ಓಡುವ ಯೋಗ್ಯತೆ ಇಲ್ಲ; ಡಾಂಬರು ಇಲ್ಲದ ಕಡೆ ಮಾತ್ರ ಓಡುತ್ತದೆ. ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ಹೋದರೆ ಅಂಥ ಕಡೆಗಳಿಗೆ ಬರವಿಲ್ಲ. ನಮ್ಮ ಮನೆ ಗುಡ್ಡೆಯ ಬದಿಯಲ್ಲಿ, ಅಡಿಕೆ ತೋಟ ಕೆಳಗೆ, ನಡುವೆ ಮುರಕಲ್ಲು ಹಲ್ಲು ಕಿಸಿದ ಇಳಿಜಾರು, ಅದರ ಬುಡದಲ್ಲೊಂದು ತೋಡು. ಹಟ್ಟಿಗೊಬ್ಬರ ಇಳಿಯುವುದೂ ಅಡಿಕೆ ಏರುವುದೂ ಈ ರಿಕ್ಷಾದಲ್ಲೇ. ಕೊಳೆರೋಗಕ್ಕೆ ಮದ್ದು ಬಿಡುವ ಕಾಲದಲ್ಲಿ ಮೈಲುತುತ್ತು, ಸುಣ್ಣ, ನೂರು ಲೀಟರಿನ ಡ್ರಮ್ಮು, ಪಂಪು ಎಲ್ಲವೂ ಅದರ ಬೆನ್ನಿಗೆ.

ಮಗ ಒಮ್ಮೆ ಮೊಬೈಲಿನಲ್ಲಿ ಅಮೆರಿಕದ ಮೂರು ಚಕ್ರದ ಗಾಡಿಗಳನ್ನು ತೋರಿಸಿದ್ದ. 1970ರಲ್ಲಿ ಹೋಂಡಾ ಕಂಪನಿ ಅಲ್ಲಿ ಮಾರಾಟಕ್ಕೆ ಬಿಟ್ಟದ್ದಂತೆ. ಬಲೂನಿನಂಥ ಮೂರು ಟೈರು, ಬೈಕಿನ ಹ್ಯಾಂಡಲ್ಲು, ಮರಳಿನಲ್ಲೂ ಕೆಸರಿನಲ್ಲೂ ಹಾರಾಡುವ ಮಕ್ಕಳು. ಮಗುಚಿ ಬೀಳುವುದು ಅತಿಯಾಗಿ, 1988ರ ಹೊತ್ತಿಗೆ ಕಂಪನಿಗಳು ಅಲ್ಲಿನ ಸರ್ಕಾರಕ್ಕೆ ಮಾತು ಕೊಟ್ಟು ಹೊಸ ಗಾಡಿಗಳ ಮಾರಾಟ ನಿಲ್ಲಿಸಬೇಕಾಯಿತು. ಅವರು ಶೋಕಿಗೆ ಮಗುಚುತ್ತಿದ್ದರು, ನಾವು ಗೊಬ್ಬರಕ್ಕೆ ಮಗುಚುತ್ತೇವೆ. ಹಿಂದಿನ ಚಕ್ರದ ಬೇರಿಂಗಿನ ಗೋಳು ಮಾತ್ರ ಇಬ್ಬರಿಗೂ ಒಂದೇ.

ಕಳೆದ ಮಳೆಗಾಲ ಮುಗಿಯುವಾಗ ಆ ಗೋಳು ಬಾಯಿ ಬಿಟ್ಟಿತು. ಯಕ್ಷಗಾನದ ಶ್ರುತಿಪೆಟ್ಟಿಗೆಯಂತೆ ಒಂದೇ ಸ್ವರ. ಗಾಡಿಯ ವೇಗ ಏರಿದರೆ ಸ್ವರವೂ ಏರುತ್ತಿತ್ತು, ಕ್ಲಚ್ ಹಿಡಿದರೂ ನಿಲ್ಲುತ್ತಿರಲಿಲ್ಲ. ನಾನು ಇಳಿಜಾರಿನಲ್ಲಿ ಎರಡು ಸಲ ಕಿವಿಗೊಟ್ಟು ಓಡಿಸಿ ನೋಡಿ, “ಎಡಗಡೆಯ ಹಿಂದಿನ ಚಕ್ರ” ಎಂದು ತೀರ್ಪು ಕೊಟ್ಟೆ. “ನಿಮಗೆ ಎಲ್ಲ ಶಬ್ದವೂ ಎಡಗಡೆಯಿಂದಲೇ ಅಲ್ಲವೇ ಬರುವುದು?” ಎಂದಳು ಹೆಂಡತಿ. ಆ ಮಾತಿಗೆ ನಾನು ಬೆಲೆ ಕೊಡಲಿಲ್ಲ.

ಗ್ಯಾರೇಜಿನ ಇಚ್ಚ ಬಂದರು. ಕನ್ನಡ, ತುಳು, ಮಲಯಾಳ, ಉರ್ದು, ಕೊಂಕಣಿ ಎಲ್ಲವೂ ಅವರಿಗೆ ನೀರು ಕುಡಿದಷ್ಟು ಸಲೀಸು. ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಾರೆ. ಆದರೆ ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದಾಗ ಗಿರಾಕಿಯ ಮುಖ ಕಾಣಿಸುವುದಿಲ್ಲ. ಆಗ ಬಾಯಿಗೆ ಬರುವುದು ಹೆತ್ತತಾಯಿಯ ಮಲಯಾಳ ಮಾತ್ರ.

ತೋಡು ದಾಟುವುದೇ ಇದಕ್ಕೆಲ್ಲ ಕಾರಣ ಎಂದರು ಇಚ್ಚ. ಹೊರೆ ಹೊತ್ತು ಇಳಿದ ಗಾಡಿಯ ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ, ಬಿಸಿಯಾಗಿರುತ್ತದೆ. ಅದು ಹಾಗೆಯೇ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ನೀರು ತಡೆಯಬೇಕಾದ ಸೀಲಿನ ಅಂಚಿನಿಂದಲೇ ನೀರನ್ನು ಹೀರಿಕೊಳ್ಳುತ್ತದೆ. ಗ್ರೀಸಿಗೆ ನೀರು ಬೆರೆತರೆ ಅದು ಗ್ರೀಸಲ್ಲ, ಹಾಲು ಹಾಕಿದ ಕಾಫಿ. ಬೇರಿಂಗ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ತುಂಬಬೇಕು. ಆದರೆ ಅಂದು ಅವರ ಕೈಯಲ್ಲಿ ಹೊಸ ಸೀಲು ಇರಲಿಲ್ಲ. ರಿಕ್ಷಾದ ಹಿಂದಿನ ಮಾಲಿಕ ಎರಡೂ ಹಬ್ಬಿಗೆ ತೂತು ಕೊರೆದು ಗ್ರೀಸ್ ನಿಪ್ಪಲ್ ಕೂರಿಸಿದ್ದ. ಸದ್ಯಕ್ಕೆ ಎಡಗಡೆಯದರಲ್ಲೇ ನಾಲ್ಕು ಪಂಪು ಹೊಡೆಯೋಣ ಎಂದಾಯಿತು. ಗ್ರೀಸ್ ಗನ್ನಿನ ಮೂತಿ ಸವೆದು ಅಲ್ಲಾಡುತ್ತಿದ್ದುದರಿಂದ ಒಬ್ಬರು ಅಡಿಯಲ್ಲಿ ಮಲಗಿ ಎರಡೂ ಕೈಯಿಂದ ಅದನ್ನು ನಿಪ್ಪಲಿಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಹೊರಗಿನಿಂದ ಹಿಡಿ ಒತ್ತಬೇಕು.

ಇನ್ನೊಬ್ಬರಾಗಿ ಮುಂದೆ ಬಂದವರು ಭಾವ, ಅಂದರೆ ಹೆಂಡತಿಯ ಅಣ್ಣ. ಸಾಗರದಿಂದ ಒಂದು ಉಪನಯನಕ್ಕೆಂದು ಬಂದವರು. ಅವರದು ಸುಮ್ಮನೆ ಕುಳಿತುಕೊಳ್ಳುವ ಜಾತಕವಲ್ಲ. ಬಿಳಿ ಪಂಚೆ ಎತ್ತಿ ಕಟ್ಟಿ, “ನೀವು ಬಿಡಿ ಭಾವ, ನಾನು ಹೊಡೆಯುತ್ತೇನೆ” ಎಂದು ಗನ್ನು ಹಿಡಿದರು. ಕೆಲಸ ಯೋಗ್ಯರ ಕೈಗೆ ಹೋಯಿತೆಂಬ ಸಮಾಧಾನದಿಂದ ನಾನು ಪುನರ್ಪುಳಿ ಶರಬತ್ತು ತರಲು ಒಳಗೆ ಹೋದೆ. ಸಕ್ಕರೆ ಡಬ್ಬ ಹುಡುಕುವುದರಲ್ಲಿ ಸ್ವಲ್ಪ ತಡವೂ ಆಯಿತು.

ಮಲಯಾಳದಲ್ಲಿ ‘ಮತಿ’ ಎಂದರೆ ಸಾಕು ಎಂದರ್ಥ. ಇದು ಕಾಸರಗೋಡಿನ ಮಗುವಿಗೂ ಗೊತ್ತು. ಸಾಗರದ ಭಾವನಿಗೆ ಗೊತ್ತಿರಲಿಲ್ಲ.

ನಾಲ್ಕು ಪಂಪು ಆದ ಕೂಡಲೇ ಇಚ್ಚ ಅಡಿಯಿಂದ “ಮತಿ!” ಎಂದರು. ಭಾವನಿಗೆ ಅದು “ಮತ್ತೆ!” ಎಂದು ಕೇಳಿಸಿತು. ಹೊಡೆದರು. “ಮತಿ, ಮತಿ!” ಎಂದರು ಇಚ್ಚ. ಇವರು ಎರಡು ಸಲ ಹೊಡೆದರು. ಇಚ್ಚನ ಧ್ವನಿ ಏರಿದಷ್ಟೂ ಭಾವನ ಶ್ರದ್ಧೆಯೂ ಏರಿತು. ಕೊನೆಗೆ “ಮತಿಯಪ್ಪಾ, ಮತಿ!” ಎಂಬ ಆರ್ತನಾದ ಅಡುಗೆಮನೆಗೂ ಕೇಳಿಸಿ ನಾನು ಲೋಟ ಹಿಡಿದು ಓಡಿ ಬಂದರೆ, ಭಾವ ಬೆವರು ಒರೆಸುತ್ತ, “ಎಷ್ಟು ಹಾಕಿದರೂ ಇವರಿಗೆ ತೃಪ್ತಿಯೇ ಇಲ್ಲವಲ್ಲ” ಎಂದರು. ಇಚ್ಚ ಹೊರಗೆ ತೆವಳಿ ಬಂದರು. ಗಡ್ಡದಲ್ಲಿ ಗ್ರೀಸು. “ಭಟ್ಟರೇ, ನಿಮ್ಮ ಭಾವನಿಗೆ ಕಿವಿ ಕೇಳಿಸುವುದಿಲ್ಲವೇ?” ನಾನು ಅರ್ಥ ಬಿಡಿಸಿ ಹೇಳಿದೆ. ಮೂವರೂ ಹೊಟ್ಟೆ ಹಿಡಿದು ನಕ್ಕೆವು.

ಶರಬತ್ತು ಮುಗಿಸಿ ಹೊರಡುವಾಗ ಇಚ್ಚ ನಗು ನಿಲ್ಲಿಸಿ ಹೇಳಿದರು. ಗ್ರೀಸು ಹೆಚ್ಚಾದರೆ ಒತ್ತಡಕ್ಕೆ ಸೀಲು ಎದ್ದು ಬ್ರೇಕ್ ಡ್ರಮ್ಮಿನ ಒಳಗೆ ಹೋಗಿರುತ್ತದೆ. ನಾಳೆ ಬಂದು ಬಿಚ್ಚುತ್ತೇನೆ, ಅಲ್ಲಿಯವರೆಗೆ ಗಾಡಿ ಮುಟ್ಟಬೇಡಿ.

ಮುಟ್ಟಬಾರದಿತ್ತು. ಆದರೆ ಗೊಬ್ಬರ ಹಾಕಲು ಇಬ್ಬರು ಆಳುಗಳು ಅಂದೇ ಸಿಕ್ಕಿದ್ದರು. ಈಗಿನ ಕಾಲದಲ್ಲಿ ಬೇರಿಂಗಾದರೂ ಅಂಗಡಿಯಲ್ಲಿ ಸಿಗುತ್ತದೆ, ಆಳುಗಳು ಸಿಗುವುದಿಲ್ಲ. ಒಂದೇ ಒಂದು ಲೋಡು ಎಂದುಕೊಂಡು ಹೊರಟೆ. ಭಾವ ಹಿಂದೆ ಗೊಬ್ಬರದ ಬುಟ್ಟಿಗಳ ನಡುವೆ ನಿಂತರು.

ಮುಂದಿನ ಚಕ್ರದ ಬ್ರೇಕ್ ಹಿಂದಿನ ಮಾಲಿಕನ ಕಾಲದಲ್ಲೇ ನಿವೃತ್ತಿ ಪಡೆದಿತ್ತು. ಎಡಗಡೆಯ ಬ್ರೇಕ್ ಈಗ ಗ್ರೀಸಿನಲ್ಲಿ ಅಭ್ಯಂಜನ ಮಾಡುತ್ತಿತ್ತು. ಉಳಿದದ್ದು ಬಲಗಡೆಯದು ಒಂದೇ. ಇಳಿಜಾರಿನ ಅರ್ಧದಲ್ಲಿ ನಾನು ಪೆಡಲ್ ತುಳಿದಾಗ ಅದು ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿತು: ಬಲ ಚಕ್ರ ಹಿಡಿಯಿತು, ಎಡ ಚಕ್ರ ಓಡಿತು, ಗಾಡಿ ಗಿರ್ರನೆ ಬಲಕ್ಕೆ ತಿರುಗಿತು. ಅಲ್ಲಿ ಅಡಿಕೆಯ ಹಾಳೆ, ಸೋಗೆ ಒಟ್ಟಿದ ರಾಶಿ ಇತ್ತು. ಅದರತ್ತ ಸಾಗುವಾಗ ಬೆನ್ನ ಹಿಂದಿನಿಂದ ಭಾವನ ಧ್ವನಿ ಸ್ಪಷ್ಟವಾಗಿ ಕೇಳಿಸಿತು: “ಮತಿ! ಭಾವ, ಮತಿ! ಮತಿ!” ಅರ್ಧ ಗಂಟೆಯ ಹಿಂದೆ ಕಲಿತ ಭಾಷೆ. ಉಚ್ಚಾರಣೆಯಲ್ಲಿ ಒಂದು ತಪ್ಪಿರಲಿಲ್ಲ.

ಸೋಗೆಯ ರಾಶಿ ನಮ್ಮನ್ನು ಮೆತ್ತಗೆ ಹಿಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆಳುಗಳು ಮೊದಲು ಭಾವನನ್ನು ಎತ್ತಿದರು, ಆಮೇಲೆ ಬುಟ್ಟಿಗಳನ್ನು. ಪಂಚೆಯನ್ನು ಹೆಂಡತಿ ಮೂರು ಸಲ ಒಗೆದಳು. ಅದು ಮುಂದೆ ಬಿಳಿ ಪಂಚೆ ಎಂದು ಕರೆಸಿಕೊಳ್ಳಲಿಲ್ಲ.

ಮರುದಿನ ಇಚ್ಚ ಹೊಸ ಸೀಲುಗಳೊಂದಿಗೆ ಬಂದು ಎಡ ಡ್ರಮ್ಮು ಬಿಚ್ಚಿದರು. ಒಳಗೆ ಗ್ರೀಸಿನ ಪಾಯಸ. ಗ್ರೀಸು ಕುಡಿದ ಬ್ರೇಕ್ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದರೂ ನಂಬುವಂತಿಲ್ಲವೆಂದು ಹೊಸ ಜೋಡಿ ತರಿಸಿದೆವು. ಬೇರಿಂಗನ್ನು ತೊಳೆದು, ಒಣಗಿಸಿ, ಬೆರಳಿನಲ್ಲಿ ತಿರುಗಿಸಿ ನೋಡಿದರು. ಚಿನ್ನದಂಥ ಬೇರಿಂಗು. ಇಚ್ಚ ಎದ್ದು ಬಲಗಡೆಗೆ ಹೋದರು, ಚಕ್ರವನ್ನು ಎತ್ತಿಸಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಲೊಟಲೊಟ. ಬಿಚ್ಚಿದರೆ ಹಾಲು ಹಾಕಿದ ಕಾಫಿಯಲ್ಲಿ ತುಕ್ಕು ಹಿಡಿದ ಗುಂಡುಗಳು. ಜಗಲಿಯಲ್ಲಿ ನಿಂತಿದ್ದ ಹೆಂಡತಿ ಏನೂ ಹೇಳಲಿಲ್ಲ, ನನ್ನ ಮಂದವಾದ ಬಲಗಿವಿಯ ಕಡೆ ಒಮ್ಮೆ ನೋಡಿದಳು.

ಹೊಸ ಬೇರಿಂಗಿಗೆ ಗ್ರೀಸು ತುಂಬುವ ಕೆಲಸವನ್ನು ನಾನೇ ಕೇಳಿ ಪಡೆದೆ. ಎಡ ಅಂಗೈಯಲ್ಲಿ ನೆಲ್ಲಿಕಾಯಿಯಷ್ಟು ಗ್ರೀಸು. ಬೇರಿಂಗಿನ ಅಂಚನ್ನು ಅದಕ್ಕೆ ಒತ್ತಿ ಒತ್ತಿ ತಳ್ಳಬೇಕು, ಗುಂಡುಗಳ ಸಂದಿಯಿಂದ ಆಚೆ ಬದಿಗೆ ಶಾವಿಗೆಯಂತೆ ಹೊರಬರುವವರೆಗೆ. ಬೇರಿಂಗಿನ ಒಳಗೆ ಹೀಗೆ ಗಟ್ಟಿಯಾಗಿ ತುಂಬಿದ ಮೇಲೆ ಹಬ್ಬಿನ ಖಾಲಿ ಜಾಗದಲ್ಲಿ ಮೂರನೆಯ ಒಂದು ಪಾಲಿನಷ್ಟು ಗ್ರೀಸು ಇದ್ದರೆ ಧಾರಾಳ. ಪೂರ್ತಿ ತುಂಬಿದರೆ ಕಡೆದು ಕಡೆದು ಬಿಸಿಯಾಗುತ್ತದೆ. ಇದೆಲ್ಲ ಕೇಳಿಸಿಕೊಂಡ ಮೇಲೂ ನನ್ನ ಬೆರಳು ತಾನಾಗಿಯೇ ಮತ್ತೆ ಡಬ್ಬದ ಕಡೆ ಹೋಯಿತು.

ಇಚ್ಚ ನನ್ನ ಮಣಿಕಟ್ಟು ಹಿಡಿದರು. ಎಡಗಡೆ, ನನ್ನ ಒಳ್ಳೆಯ ಕಿವಿಯ ಹತ್ತಿರ ಬಾಗಿ, ತಮ್ಮ ಐದು ಭಾಷೆಗಳಲ್ಲಿ ಒಂದೊಂದಾಗಿ ಬಿಡಿಸಿ ಹೇಳಿದರು: “ಸಾಕು. ಯಾವು. ಪುರೊ. ಬಸ್. ಮತಿ.”