ಉತ್ತರ ಗೊತ್ತಿದ್ದರೆ ಸಾಲದು, ಬಾಯಿಗೆ ಬರಬೇಕು

ಸಾಫ್ಟ್‌ವೇರ್ ಕೆಲಸದ ಫೋನ್ ಸಂದರ್ಶನಕ್ಕೆ ಪ್ರಶ್ನೋತ್ತರ ಓದಿಕೊಂಡರೆ ಸಾಕು ಎನ್ನುವವರಿದ್ದಾರೆ. ಒಪ್ಪುವುದು ಕಷ್ಟ. ಆ ಕಡೆಯವರಿಗೆ ನಿಮ್ಮ ಮುಖ ಕಾಣದು. ಸ್ವಲ್ಪ ಹೊತ್ತು ಸುಮ್ಮನಿದ್ದರೂ ಗೊತ್ತಿಲ್ಲವೆಂದೋ ಲೈನ್ ಕಟ್ಟಾಯಿತೆಂದೋ ಅಂದುಕೊಳ್ಳುತ್ತಾರೆ. ಹಾಗಾಗಿ ಯೋಚಿಸುವುದನ್ನೇ ಬಾಯಿಬಿಟ್ಟು ಹೇಳುವ ಅಭ್ಯಾಸ ಬೇಕು. ಬೈನರಿ ಸರ್ಚ್ (ಪಟ್ಟಿಯ ನಡುವಿನ ಅಂಶದೊಂದಿಗೆ ಹೋಲಿಸುತ್ತಾ ಬೇಕಾದ್ದನ್ನು ಹುಡುಕುವ ವಿಧಾನ) ತೆಗೆದುಕೊಳ್ಳಿ: ಪಟ್ಟಿ ಮೊದಲೇ ಸಾರ್ಟ್ ಆಗಿ ಕ್ರಮದಲ್ಲಿರಬೇಕು, ಪ್ರತಿ ಸಲ ಅರ್ಧ ಭಾಗ ಬಿಡುತ್ತೇವೆ, 10 ಲಕ್ಷ ಅಂಶಗಳಿದ್ದರೂ ಸುಮಾರು 20 ಹೆಜ್ಜೆ ಸಾಕು. ಇಷ್ಟನ್ನು ಕಾಗದ ನೋಡದೆ ಒಂದು ನಿಮಿಷದಲ್ಲಿ ಹೇಳಿ, ರೆಕಾರ್ಡ್ ಮಾಡಿ ಕೇಳಿ; ಎಲ್ಲಿ ತಡವರಿಸುತ್ತೀರೋ ಅಲ್ಲೇ ನಿಮಗೆ ವಿಷಯ ಅರ್ಥವಾಗಿಲ್ಲ. ಹ್ಯಾಶ್ ಟೇಬಲ್ (ಕೀ ಎಂಬ ಗುರುತಿನಿಂದ ಜಾಗ ಲೆಕ್ಕಹಾಕಿ ಮಾಹಿತಿ ಇಡುವ ರಚನೆ) ಬಂದರೆ ‘ಸರಾಸರಿ ಸ್ಥಿರ ಸಮಯ’ (ಮಾಹಿತಿ ಎಷ್ಟಿದ್ದರೂ ಹುಡುಕಲು ಸರಾಸರಿ ಅಷ್ಟೇ ಹೊತ್ತು) ಎಂದು ನಿಲ್ಲಿಸಬೇಡಿ. ಕೀಗಳೆಲ್ಲ ಒಂದೇ ಜಾಗಕ್ಕೆ, ಅಂದರೆ ಒಂದೇ ಬಕೆಟ್‌ಗೆ ಬಿದ್ದರೆ ಏನಾಗುತ್ತದೆ ಎಂಬುದನ್ನೂ ನೀವೇ ಹೇಳಿ. ರೆಸ್ಯೂಮೆ, ಪೆನ್ನು, ಹಾಳೆ ಎದುರಿಗಿರಲಿ. ಉತ್ತರ ಹುಡುಕಲು ಕೀಬೋರ್ಡ್ ಮಾತ್ರ ಮುಟ್ಟಬೇಡಿ, ಆ ಟಕಟಕ ಸದ್ದು ಅವರಿಗೆ ಸ್ಪಷ್ಟವಾಗಿ ಕೇಳುತ್ತದೆ.