ತಿರುಗುವ ಮೊದಲೇ ಹೇಳಿ

ಕೊಡಗಿನ ರಸ್ತೆಯ ಮಾತು ಬಂದರೆ ಗುಂಡಿ, ಮಳೆ, ಬರೆ (ರಸ್ತೆ ಬದಿಯ ಕಡಿದಾದ ಮಣ್ಣಿನ ದಿಬ್ಬ) ಕುಸಿತ ಇಷ್ಟೇ. 2018ರ ಆಗಸ್ಟ್ ಕಂಡವರಿಗೆ ಅದು ಸಹಜ. ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರಿ ಸರಕು ವಾಹನಗಳನ್ನು ತಡೆಯುವುದೂ ಸರಿಯೇ. ಆದರೆ ಅಲ್ಲಿ ನೋಡುವುದು ಸರಕಿನ ಲಾರಿಗಳನ್ನು. ಪ್ರವಾಸಿಗರ ಗಾಡಿ ಎಷ್ಟು ಉದ್ದ ಅಂತ ಕೇಳುವವರಿಲ್ಲ. ಡಿಸೆಂಬರ್ ರಜೆಯಲ್ಲಿ ನಮ್ಮ ತೋಟದ ರಸ್ತೆಗಳಲ್ಲಿ ಸಿಕ್ಕಿಬೀಳುವ ಗಾಡಿಗಳನ್ನು ಸಿಕ್ಕಿಸುವುದು ಈ ಉದ್ದವೇ.

ನಾನಿರುವುದು ಅಮೆರಿಕದ ಸಿಯಾಟಲ್ ಬಳಿ, ಊರು ಸೋಮವಾರಪೇಟೆ ಕಡೆ. ಇಲ್ಲಿ ಗೆಳೆಯನೊಬ್ಬನ ಬಳಿ ಟ್ರಾವೆಲ್ ಟ್ರೈಲರ್ ಇದೆ. ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಇರುವ 30 ಅಡಿಯ ಚಕ್ರದ ಮನೆ. ಎಳೆಯುವ ಪಿಕಪ್ಪೂ ಸೇರಿದರೆ 50 ಅಡಿ. ಮೊಂಟಾನಾಕ್ಕೆ ಹೊರಟಿದ್ದಾಗ ಒಂದು ಸಣ್ಣ ಊರಲ್ಲಿ ಮ್ಯಾಪ್ ಹೇಳಿತೆಂದು ಬಲಕ್ಕೆ ತಿರುಗಿದ. ಮುಂದೆ ದಾರಿಯಿಲ್ಲ ಎನ್ನುವ ಹಳದಿ ಫಲಕ ಕಂಡಿದ್ದು ಟ್ರೈಲರ್ ಅರ್ಧ ಒಳಗೆ ಬಂದ ಮೇಲೆ. ಎರಡೂ ಬದಿ ನಿಲ್ಲಿಸಿದ ಕಾರುಗಳು. ರಿವರ್ಸ್ ಬರೋಣವೆಂದರೆ ಟ್ರೈಲರ್ ಸ್ಟೀರಿಂಗಿಗೆ ಉಲ್ಟಾ ತಿರುಗುತ್ತದೆ. ಸ್ವಲ್ಪ ಹೆಚ್ಚು ತಿರುಗಿಸಿದರೆ ಚಾಕು ಮಡಚಿದ ಹಾಗೆ ಬಂದು ಪಿಕಪ್ಪಿನ ಮೂಲೆಗೇ ಬಡಿಯುತ್ತದೆ. ಮುಂದಕ್ಕೆ ಎಳೆದು ತಿರುಗಿಸಿದರೋ, ಅದರ ಚಕ್ರ ಪಿಕಪ್ಪಿನ ಜಾಡು ಹಿಡಿಯದೆ ಒಳಗಿನಿಂದ ಮೂಲೆ ಕತ್ತರಿಸಿಕೊಂಡು ಬರುತ್ತದೆ. ಯಾರದೋ ಅಂಚೆ ಡಬ್ಬಿ ಉಳಿದದ್ದು ದೇವರ ದಯೆ. ಗೆಳೆಯನ ಹೆಂಡತಿ ಹಿಂದೆ ನಿಂತು ಫೋನಿನಲ್ಲಿ "ಎಡಕ್ಕೆ" ಅಂದರೆ, "ಯಾರ ಎಡಕ್ಕೆ?" ಅಂತ ಇವನು ಕಿರುಚುತ್ತಾನೆ. ದಾಂಪತ್ಯಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಿಲ್ಲ. ಕೊನೆಗೆ ಒಬ್ಬ ಮುದುಕ ಹೊರಬಂದು ತನ್ನ ಕಾರು ತೆಗೆದು ಜಾಗ ಮಾಡಿಕೊಟ್ಟ.

ಅದೇ ಪ್ರವಾಸದಲ್ಲಿ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಅಲ್ಲಿನ ಗೋಯಿಂಗ್ ಟು ದ ಸನ್ ರಸ್ತೆಯೂ ನಮ್ಮ ಘಾಟಿಯಂತೆ ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ. ಅದರ ಮೇಲಿನ ಭಾಗಕ್ಕೆ 21 ಅಡಿಗಿಂತ ಉದ್ದದ, 8 ಅಡಿಗಿಂತ ಅಗಲದ ಗಾಡಿ ಬಿಡುವುದಿಲ್ಲ. ಅದನ್ನು ಏರು ಶುರುವಾಗುವ ಮೊದಲೇ ಹೇಳುತ್ತಾರೆ. ಟ್ರೈಲರನ್ನು ಕೆಳಗೇ ಬಿಟ್ಟೆವು. ಯಾರೂ ಕಿರುಚಲಿಲ್ಲ.

ನಮ್ಮಲ್ಲಿ ನೋಡಿ. ಮಾಂದಲ್‌ಪಟ್ಟಿ ಕಡೆಯೋ ಕಕ್ಕಬ್ಬೆ ಕಡೆಯೋ ಹೋಂಸ್ಟೇ ಹುಡುಕುತ್ತ ಬೆಂಗಳೂರಿನ ಟಿಟಿ, ಅಂದರೆ ಟೆಂಪೋ ಟ್ರಾವೆಲರ್ ಒಂದು, ಮ್ಯಾಪ್ ನಂಬಿ ತೋಟದ ರಸ್ತೆಗೆ ಇಳಿಯುತ್ತದೆ. ಒಂದು ಬದಿ ಬರೆ, ಇನ್ನೊಂದು ಬದಿ ಚರಂಡಿ, ಎದುರಿಗೆ ಕಾರ್ಮಿಕರನ್ನು ತುಂಬಿಕೊಂಡ ಪಿಕಪ್. ತಿರುಗಿಸಲು ಸಿಗುವ ಒಂದೇ ಜಾಗ ಯಾರದೋ ಮನೆಯ ಕಣ. ಅಲ್ಲಿ ಕಾಫಿ ಒಣಗುತ್ತಿರುತ್ತದೆ.

ಆಗ ಬರುವವನು ತೋಟದ ಟ್ರ್ಯಾಕ್ಟರ್ ಡ್ರೈವರ್. "ಅಣ್ಣ, ನೀವು ಇಳೀರಿ, ನಾನು ತೆಗ್ದು ಕೊಡ್ತೀನಿ" ಅನ್ನುತ್ತಾನೆ. ಸೀಟಿನಲ್ಲೇ ಹಿಂದಕ್ಕೆ ವಾಲಿ, ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಕಾಫಿ ಚೀಲ ತುಂಬಿದ ಟ್ರೈಲರನ್ನು ಗೇಟಿನ ಎರಡು ಕಂಬಗಳ ನಡುವೆ ರಿವರ್ಸ್ ತರುವವನಿಗೆ ಟಿಟಿ ಯಾವ ಲೆಕ್ಕ? ಅದೂ ನಾಲ್ಕು ಚಕ್ರದ ಟ್ರೈಲರ್ ಆದರೆ ಮುಂದಿನ ಆಕ್ಸಲ್ ಬೇರೆ ತಾನಾಗಿ ತಿರುಗುತ್ತದೆ, ಕೆಲಸ ಎರಡು ಪಟ್ಟು ಕಷ್ಟ. ಹಿಂದೆ ಕ್ಯಾಮೆರಾ ಹಾಕಿಸಿಕೊಂಡಿರುವ ನನ್ನ ಗೆಳೆಯ ಇವನ ಕೈಕೆಳಗೆ ಒಂದು ಸೀಸನ್ ಕೂರಬೇಕು.

ಊರಿಗೆ ಹೋದಾಗ, ಉದ್ದದ ಗಾಡಿಗೆ ಜಾಗವಿಲ್ಲ ಎಂದು ಕವಲಿನಲ್ಲೇ ಬೋರ್ಡು ಹಾಕೋಣ ಎಂಬ ಮಾತೆತ್ತಿದರೆ, "ನಮ್ಮವರು ಇದ್ದಾರಲ್ಲ, ಬೋರ್ಡು ಯಾಕೆ?" ಅನ್ನುತ್ತಾರೆ. ನನಗೆ ಒಪ್ಪಿಗೆಯಾಗದ್ದು ಇದೇ. ಕುಯ್ಲಿನ ಹೊತ್ತಲ್ಲಿ ಟಿಟಿ ತೆಗೆಯಲೆಂದು ಒಂದು ಟ್ರ್ಯಾಕ್ಟರ್ ನಿಂತರೆ, ಕೊಯ್ದ ಕಾಫಿಯ ತೂಕಕ್ಕೆ ಕಾಯುವ ಹೆಂಗಸರೂ ನಿಲ್ಲುತ್ತಾರೆ. ಊರವರ ಒಳ್ಳೆಯತನ ಇದೆ ಅಂತ ರಸ್ತೆಯ ಕೆಲಸವನ್ನೂ ಅವರ ತಲೆಗೆ ಕಟ್ಟುವುದು ಯಾವ ನ್ಯಾಯ?

ಬೋರ್ಡಿಗೆ ಹೊಸ ಕಂಬವೂ ಬೇಡ. ಕೊಡಗಿನ ಪ್ರತಿ ಕವಲಿನಲ್ಲೂ ಹೋಂಸ್ಟೇ ಬಾಣಗಳು ಒಂದರ ಮೇಲೊಂದು ನಿಂತಿವೆ. ಅದೇ ಹಲಗೆಯ ಕೆಳಗೆ, ಮುಖ್ಯ ರಸ್ತೆಯಿಂದಲೇ ಓದುವಷ್ಟು ದೊಡ್ಡದಾಗಿ, "ಕಾರು, ಜೀಪು ಮಾತ್ರ, ಟಿಟಿ ತಿರುಗಿಸಲು ಜಾಗವಿಲ್ಲ" ಎಂದು ಬರೆಸಲಿ. ಬುಕಿಂಗ್ ಮೆಸೇಜಿನಲ್ಲೂ ಇದೇ ಸಾಲು ಇರಲಿ. ಮಲಯಾಳದಲ್ಲೂ ಬರೆಸಿದರೆ ಒಳ್ಳೆಯದು, ತಲಕಾವೇರಿಗೆ ಹೊರಟ ಕಣ್ಣೂರಿನ ಗಾಡಿಗಳಿಗೂ ಇದೇ ಮ್ಯಾಪ್.